ವಿದೇಶದಲ್ಲಿ ಹೊಟ್ಟೆ ಕೆಡದಂತೆ ಮತ್ತು ಕೆಟ್ಟರೆ ಏನು ಮಾಡಬೇಕು?

ಮೂರು ವಾರಗಳ ಮೊದಲ ವಿದೇಶ ಪ್ರವಾಸಕ್ಕೆ ಹೊರಟಿದ್ದೀರಿ. ಊಟ ಸ್ವಲ್ಪ ಹೆಚ್ಚುಕಡಿಮೆಯಾದರೂ ಹೊಟ್ಟೆ ಕೆಡುವ ಸ್ವಭಾವ ನಿಮ್ಮದು. ಆದ್ದರಿಂದ ಅಲ್ಲಿ ಏನನ್ನು ತಿನ್ನಬಾರದು, ಯಾವ ಔಷಧವನ್ನು ಜೊತೆಗೆ ಒಯ್ಯಬೇಕು ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಕೆಲಸದ ನಿಮಿತ್ತ ಹಲವು ದೇಶಗಳಲ್ಲಿ ಓಡಾಡಿ, ಎರಡು ಬಾರಿ ಭೇದಿಯಿಂದ ಹಾಸಿಗೆ ಹಿಡಿದು, ಆಮೇಲೆ ಪ್ರತಿ ಪ್ರಯಾಣಕ್ಕೂ ಮೊದಲು ವೈದ್ಯರನ್ನು ಕಂಡು ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಎರಡನೆಯ ಬಾರಿ ನಾನು ಬಾಯಿ ಕಟ್ಟಿಯೇ ಇದ್ದೆ. ಸೀಲ್ ಇದ್ದ ಬಾಟಲಿಯ ನೀರನ್ನಷ್ಟೇ ಕುಡಿದಿದ್ದೆ, ಹಸಿ ತರಕಾರಿಯನ್ನು ಮುಟ್ಟಿರಲಿಲ್ಲ. ಆದರೂ ಐದನೆಯ ರಾತ್ರಿ ವಾಂತಿ, ಭೇದಿ ಎರಡೂ ಒಟ್ಟಿಗೆ ಶುರುವಾದವು. ಬೆಳಗಿನ ಜಾವದ ಹೊತ್ತಿಗೆ ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು. ಔಷಧದ ಅಂಗಡಿ ಹತ್ತಿರದಲ್ಲೇ ಇದ್ದರೂ ಅಲ್ಲಿಯವರೆಗೆ ನಡೆಯುವ ಶಕ್ತಿ ಇರಲಿಲ್ಲ. ಎಷ್ಟೇ ಎಚ್ಚರ ವಹಿಸಿದರೂ ಅಡುಗೆಮನೆಯೊಳಗಿನ ಕೈಗಳು ನಮ್ಮ ಹತೋಟಿಯಲ್ಲಿರುವುದಿಲ್ಲ ಎಂಬುದು ನನಗೆ ಅಂದು ಮನದಟ್ಟಾಯಿತು. ಹಾಗಾಗಿ ತಿನ್ನುವ ವಿಷಯದಲ್ಲಿ ಎಷ್ಟು ಕಾಳಜಿ ವಹಿಸುತ್ತೀರೋ ಅಷ್ಟನ್ನೇ, ಸಾಧ್ಯವಾದರೆ ಅದಕ್ಕಿಂತ ಹೆಚ್ಚನ್ನು, ಕಾಯಿಲೆ ಬಿದ್ದಾಗ ಕೈಗೆಟುಕುವಂತೆ ಏನಿರಬೇಕು ಎಂಬುದರ ಮೇಲೆ ವಹಿಸಿರಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಮೊದಲನೆಯದು ಓಆರ್‌ಎಸ್ ಪೊಟ್ಟಣಗಳು, ಅಂದರೆ ನೀರಿನಲ್ಲಿ ಕರಗಿಸಿ ಕುಡಿಯುವ, ಗ್ಲೂಕೋಸ್ ಮತ್ತು ಲವಣಗಳು ಬೆರೆತ ಪುಡಿ. ಕನಿಷ್ಠ ಆರನ್ನಾದರೂ ಒಯ್ಯಿರಿ. ಭೇದಿಯಲ್ಲಿ ದೇಹವನ್ನು ಕುಗ್ಗಿಸುವುದು ಬಹುಮಟ್ಟಿಗೆ ನೀರು ಮತ್ತು ಲವಣಗಳ ನಷ್ಟ. ಸಣ್ಣ ಕರುಳು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿ ಹೀರಿಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ; ರೋಗಾಣುವಿನ ವಿಷದಿಂದ ಕರುಳು ನೀರನ್ನು ಹೊರಚೆಲ್ಲುತ್ತಿರುವಾಗಲೂ ಈ ದಾರಿ ಬಹುಪಾಲು ತೆರೆದೇ ಇರುತ್ತದೆ. ಬರಿಯ ನೀರಿಗಿಂತ ಓಆರ್‌ಎಸ್ ಹೆಚ್ಚು ಉಪಯೋಗಕ್ಕೆ ಬರುವುದು ಇದರಿಂದಲೇ. ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಬೇಕು. ಗಟ್ಟಿಯಾಗಿ ಕಲಸಿದರೆ ಭೇದಿ ಹೆಚ್ಚಾಗಬಹುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿಕೊಳ್ಳಬಹುದು. ವಾಂತಿಯೂ ಇದ್ದರೆ ಹತ್ತು ನಿಮಿಷ ಬಿಟ್ಟು, ಗುಟುಕು ಗುಟುಕಾಗಿ ಕುಡಿಯಿರಿ. ಒಮ್ಮೆಗೇ ಲೋಟ ಖಾಲಿ ಮಾಡಿದರೆ ಅದೂ ಹೊರಗೆ ಬರುತ್ತದೆ.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುವುದಿಲ್ಲ. ದೀರ್ಘ ಬಸ್ ಪ್ರಯಾಣ ಅನಿವಾರ್ಯವಾದಾಗ ಅದು ದೊಡ್ಡ ನೆರವು, ಆದರೆ ಜ್ವರವಿದ್ದಾಗ ಅಥವಾ ಮಲದಲ್ಲಿ ರಕ್ತ ಕಂಡಾಗ ಅದನ್ನು ತೆಗೆದುಕೊಳ್ಳಬಾರದು, ಚಿಕ್ಕ ಮಕ್ಕಳಿಗಂತೂ ಕೊಡಲೇಬಾರದು. ಆ್ಯಂಟಿಬಯಾಟಿಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹೊರಡುವ ಮೊದಲೇ ವೈದ್ಯರು ಪರೀಕ್ಷಿಸಿ, ಯಾವ ಸ್ಥಿತಿಯಲ್ಲಿ ಎಷ್ಟು ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟಿದ್ದರೆ ಮಾತ್ರ ಒಯ್ಯಿರಿ, ತೀವ್ರ ಕಾಯಿಲೆಗಷ್ಟೇ ಬಳಸಿರಿ. ಸಾಮಾನ್ಯ ಪ್ರವಾಸಿ ಭೇದಿ ಮೂರರಿಂದ ಐದು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೂ ಆ್ಯಂಟಿಬಯಾಟಿಕ್ ನುಂಗಿದರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಕರುಳಿನಲ್ಲಿ ಹೊತ್ತು ಮರಳುವ ಸಂಭವ ಹೆಚ್ಚುತ್ತದೆ. ಎಲ್ಲ ಔಷಧಗಳನ್ನೂ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯ ಸಮೇತ, ವಿಮಾನದೊಳಗೆ ನಿಮ್ಮ ಕೈಯಲ್ಲಿರುವ ಚೀಲದಲ್ಲಿಡಿ.

ಹೊರಡಲು ನಾಲ್ಕರಿಂದ ಆರು ವಾರಗಳಿರುವಾಗಲೇ ವೈದ್ಯರನ್ನು ಕಾಣುವುದು ಒಳ್ಳೆಯದು, ಏಕೆಂದರೆ ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆಗಳು ಬೇಕಾಗುತ್ತವೆಯೇ ಎಂಬುದು ಹೋಗುವ ದೇಶವನ್ನು ಅವಲಂಬಿಸಿದೆ ಮತ್ತು ಲಸಿಕೆ ಕೆಲಸ ಮಾಡಲು ಸಮಯ ಬೇಕು. ನೀವು ಎದೆಯುರಿಗೆ ದಿನವೂ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಾದರೆ ಅದನ್ನೂ ತಿಳಿಸಿರಿ. ಜಠರದ ಆಮ್ಲವೇ ಅನೇಕ ರೋಗಾಣುಗಳಿಗೆ ಮೊದಲ ಅಡ್ಡಗೋಡೆ, ಅದು ತಗ್ಗಿದಾಗ ಸೋಂಕು ಸುಲಭವಾಗುತ್ತದೆ.

ಇನ್ನು ಊಟದ ಮಾತು. ಒಲೆಯಿಂದ ಇಳಿದು ಹಬೆಯಾಡುತ್ತಲೇ ತಟ್ಟೆಗೆ ಬಂದದ್ದು, ನೀವೇ ಸಿಪ್ಪೆ ಸುಲಿದ ಹಣ್ಣು, ಒಣಗಿದ ತಿನಿಸು ಇವುಗಳಲ್ಲಿ ಅಪಾಯ ಕಡಿಮೆ. ಸಾಲಾಗಿ ತೆರೆದಿಟ್ಟು ಗಂಟೆಗಟ್ಟಲೆ ಉಗುರುಬೆಚ್ಚಗಿರುವ ಆಹಾರವನ್ನು, ಹೋಟೆಲು ಎಷ್ಟೇ ದುಬಾರಿಯದಾಗಿದ್ದರೂ, ಬಿಟ್ಟುಬಿಡಿ. ಅಂಥದ್ದನ್ನು ಮತ್ತೆ ಕಾಯಿಸಿದರೂ ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟುಹೋದ ವಿಷ ನಾಶವಾಗುವುದಿಲ್ಲ.

ನೀರಿನ ವಿಷಯದಲ್ಲಿ ಎಲ್ಲರೂ ಮರೆಯುವುದು ಐಸ್ ಮತ್ತು ಹಲ್ಲುಜ್ಜುವ ನೀರು. ನೀರನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿದರೆ ಸಾಕು; ಸಮುದ್ರಮಟ್ಟದಿಂದ 2000 ಮೀಟರ್‌ಗಿಂತ ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಮೂರು ನಿಮಿಷ ಬೇಕು. ಕ್ಲೋರಿನ್ ಮಾತ್ರೆಗಳು ಬಹುತೇಕ ಬ್ಯಾಕ್ಟೀರಿಯಾಗಳನ್ನೂ ವೈರಸ್‌ಗಳನ್ನೂ ಕೊಲ್ಲುತ್ತವೆ, ಆದರೆ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿ ಅದಕ್ಕೆ ಜಗ್ಗುವುದಿಲ್ಲ. ಹಾಗೆಯೇ ಸ್ಯಾನಿಟೈಸರ್ ವಾಂತಿ-ಭೇದಿ ತರುವ ನೊರೊವೈರಸ್ ಮೇಲೆ ಅಷ್ಟಾಗಿ ನಡೆಯದ ಕಾರಣ, ನೀರು ಸಿಕ್ಕಲ್ಲೆಲ್ಲ ಸಾಬೂನಿನಿಂದಲೇ ಕೈ ತೊಳೆಯಿರಿ.

ಮಲದಲ್ಲಿ ರಕ್ತ, ಹೆಚ್ಚಿದ ಜ್ವರ, ಕುಡಿದದ್ದೇನೂ ನಿಲ್ಲದಂಥ ವಾಂತಿ, ಮೂತ್ರ ತೀರಾ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆಗೆ ಹೋಗಿ. ಪ್ರಯಾಣ ವಿಮೆಯ ಸಹಾಯವಾಣಿ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಮರಳಿದ ಮೇಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ಭೇದಿ ಉಳಿದರೆ ಜಿಯಾರ್ಡಿಯಾದಂಥ ಪರೋಪಜೀವಿ ಇರಬಹುದು. ಆಗ ಮಲಪರೀಕ್ಷೆ ಮಾಡಿಸಬೇಕು, ಮತ್ತು ಯಾವ ಯಾವ ದೇಶಗಳಲ್ಲಿ ಯಾವಾಗ ಇದ್ದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕು.