ಲೆಕ್ಕ ಹಾಕಿ ನೋಡೋಣ: ಬಡ್ಡಿ, ಬೇಳೆ, ಬೆಲ್ಲ, ಕನ್ನಂಬಾಡಿ

ಈ ತಿಂಗಳ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇವೆ. ಯಾವುದಕ್ಕೂ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದಕ್ಕಿಂತ ಹೆಚ್ಚಿನ ಗಣಿತ ಬೇಕಿಲ್ಲ. ಪೆನ್ನು ಹಿಡಿದು ಜೊತೆಯಲ್ಲೇ ಲೆಕ್ಕ ಮಾಡುತ್ತಾ ಓದಿ.

ಪ್ರಶ್ನೆ: ಹಳೇ ಪವರ್ ಟಿಲ್ಲರ್ ಕೊಳ್ಳಲು ಒಂದು ಲಕ್ಷ ಸಾಲ ಬೇಕಾಗಿದೆ. ಫೈನಾನ್ಸ್‌ನವರು ‘ಶೇ. 10 ಫ್ಲಾಟ್, ಮೂರು ವರ್ಷ, ತಿಂಗಳ ಕಂತು 3,611’ ಎನ್ನುತ್ತಾರೆ. ಬ್ಯಾಂಕಿನಲ್ಲಿ ಶೇ. 14 ‘ರೆಡ್ಯೂಸಿಂಗ್’. ಹದಿನಾಲ್ಕಕ್ಕಿಂತ ಹತ್ತು ಕಡಿಮೆ ತಾನೇ? (ಓದುಗರು, ಮಂಡ್ಯ)

ಉತ್ತರ: ಹತ್ತು, ಆದರೆ ಯಾವುದರ ಮೇಲೆ? ಅದನ್ನು ಕೇಳದೆ ರುಜು ಹಾಕಬೇಡಿ.

ಫ್ಲಾಟ್ ಎಂದರೆ ಮೊದಲ ದಿನ ಪಡೆದ ಲಕ್ಷದ ಮೇಲೆ ಮೂರು ವರ್ಷವೂ ಬಡ್ಡಿ. ವರ್ಷಕ್ಕೆ 10 ಸಾವಿರದಂತೆ 30 ಸಾವಿರ, ಅಸಲು ಸೇರಿ 1,30,000. ಅದನ್ನು 36 ಕಂತಿಗೆ ಹಂಚಿದರೆ 3,611. ಪ್ರತಿ ಕಂತಿನಲ್ಲಿ 2,778 ಅಸಲಿಗೆ, 833 ಬಡ್ಡಿಗೆ ಎಂದು ಬರೆದುಕೊಳ್ಳಿ. ಮೊದಲ ತಿಂಗಳು ಇದು ನ್ಯಾಯವಾಗಿಯೇ ಕಾಣುತ್ತದೆ, ಏಕೆಂದರೆ ಪೂರ್ತಿ ಲಕ್ಷ ನಿಮ್ಮ ಬಳಿಯೇ ಇದೆ. ಕೊನೆಯ ತಿಂಗಳು ನೋಡಿ. ಬಾಕಿ ಇರುವ ಅಸಲು ಬರೀ 2,778 ರೂಪಾಯಿ. ಅದಕ್ಕೂ ಅದೇ 833 ಬಡ್ಡಿ. ಒಂದೇ ತಿಂಗಳಿಗೆ ನೂರಕ್ಕೆ 30 ರೂಪಾಯಿ ಆಯಿತು!

ಬ್ಯಾಂಕಿನವರು ಆಯಾ ತಿಂಗಳು ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತಾರೆ. ಶೇ. 14ರಲ್ಲಿ ಕಂತು 3,418, ಮೂರು ವರ್ಷದ ಒಟ್ಟು ಬಡ್ಡಿ ಸುಮಾರು 23 ಸಾವಿರ. ಅಂದರೆ ‘ಹತ್ತ’ಕ್ಕಿಂತ ‘ಹದಿನಾಲ್ಕ’ರಲ್ಲಿ ನಿಮಗೆ ಏಳು ಸಾವಿರ ಉಳಿತಾಯ. ಫೈನಾನ್ಸ್‌ನ ಶೇ. 10 ಫ್ಲಾಟನ್ನು ಬ್ಯಾಂಕಿನ ಅಳತೆಗೆ ತಂದರೆ ಹೆಚ್ಚುಕಡಿಮೆ ಶೇ. 18, ಊರಿನ ಮಾತಿನಲ್ಲಿ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ. ಎರಡು, ಮೂರು ವರ್ಷದ ಸಾಲಗಳಿಗೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿದರೆ ಅಂದಾಜಿಗೆ ಸಾಕು.

ಇನ್ನೊಂದು ಹೊಡೆತ ‘ಪ್ರೊಸೆಸಿಂಗ್ ಚಾರ್ಜ್’. 2,000 ಹಿಡಿದುಕೊಂಡು 98,000 ಕೈಗೆ ಕೊಟ್ಟರೆ ದರ ಶೇ. 19.4ಕ್ಕೆ ಏರುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು: ಮೊಬೈಲ್‌ನ ಸ್ಪ್ರೆಡ್‌ಶೀಟ್‌ನಲ್ಲಿ ‘ರೇಟ್’ ಎಂಬ ಸೂತ್ರಕ್ಕೆ ಕಂತುಗಳ ಸಂಖ್ಯೆ 36, ಕಂತು ಮೈನಸ್ 3611, ಕೈಗೆ ಬಂದ ಹಣ 98000 ಕೊಟ್ಟು, ಬಂದ ಉತ್ತರವನ್ನು 12ರಿಂದ ಗುಣಿಸಿ. ಕಂತಿನ ಮುಂದೆ ಮೈನಸ್ ಮರೆತರೆ ಸೂತ್ರ ತಪ್ಪು ತೋರಿಸುತ್ತದೆ. ಬ್ಯಾಂಕಿನವರೂ ಈ ಚಾರ್ಜ್ ಹಾಕಿದರೆ ಅವರ ಲೆಕ್ಕವನ್ನೂ ಹೀಗೇ ಮಾಡಿ, ಆಮೇಲೆ ಹೋಲಿಸಿ.

ಸಾಲ ಕೊಡುವ ಮೊದಲು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಅನ್ವಯ. ಅದರಲ್ಲಿ ಚಾರ್ಜುಗಳನ್ನೂ ಸೇರಿಸಿದ ವಾರ್ಷಿಕ ದರ ‘ಎಪಿಆರ್’ ಎಂದು ಇರುತ್ತದೆ. ಬೇರೆಲ್ಲ ಬಿಟ್ಟು ಆ ಒಂದು ಸಾಲು ಓದಿ. ಕಬ್ಬಿನ ಹಣ ಬಂದಾಗ ಮುಂಗಡವಾಗಿ ತೀರಿಸುವ ಯೋಚನೆ ಇದ್ದರೆ, ಒಂದು ವರ್ಷಕ್ಕೆ ತೀರಿಸಿದರೆ ಎಷ್ಟು ಕಟ್ಟಬೇಕು ಎಂದು ಈಗಲೇ ಬರೆಸಿಕೊಳ್ಳಿ. ಫ್ಲಾಟ್ ಸಾಲದಲ್ಲಿ ಮುಂದಿನ ಬಡ್ಡಿ ಬಿಡುವ ವಿಷಯದಲ್ಲೇ ಜಗಳಗಳು ಹುಟ್ಟುವುದು.

ಪ್ರಶ್ನೆ: ಉರಿ ಜೋರು ಮಾಡಿದರೆ ಬೇಳೆ ಬೇಗ ಬೇಯುತ್ತದೆಯೇ? ಅತ್ತೆ ಸಣ್ಣ ಉರಿ ಸಾಕು ಎನ್ನುತ್ತಾರೆ. (ಓದುಗರು, ಸರಸ್ವತಿಪುರಂ, ಮೈಸೂರು)

ಉತ್ತರ: ನಿಮ್ಮ ಅತ್ತೆ ಹೇಳುವುದೇ ಸರಿ. ಬೇಳೆ ಬೇಯಿಸುವುದು ನೀರಿನ ಬಿಸಿ, ಉರಿಯ ಎತ್ತರವಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97.5 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಒಮ್ಮೆ ಕುದಿ ಬಂದ ಮೇಲೆ ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಹೆಚ್ಚಿನ ಗ್ಯಾಸೆಲ್ಲ ಹಬೆಯಾಗಿ ಹೋಗುತ್ತದೆ. ಕುಕ್ಕರಿನಲ್ಲಿ ಒತ್ತಡದಿಂದ ನೀರು 118 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಅದಕ್ಕೇ ಬೇಗ ಬೇಯುವುದು. ವಿಸಿಲ್ ಬರುವವರೆಗೆ ಜೋರು ಉರಿ, ಬಂದ ಕೂಡಲೇ ಸಿಮ್. ವಿಸಿಲ್ ಎಣಿಸುವ ಬದಲು ನಿಮಿಷ ಎಣಿಸಿ. ಸಿಮ್‌ನಲ್ಲಿ ವಿಸಿಲ್ ಬಾರದಿದ್ದರೂ ಒಳಗಿನ ಬಿಸಿ ಹೆಚ್ಚು ಇಳಿದಿರುವುದಿಲ್ಲ.

ಪ್ರಶ್ನೆ: ನಮ್ಮ ಆಲೆಮನೆಯಲ್ಲಿ ಮೊದಲು ಕಬ್ಬಿನ ಸಿಪ್ಪೆಯೇ ಒಲೆಗೆ ಸಾಕಾಗುತ್ತಿತ್ತು. ಈಗ ಸೌದೆ ಕೊಳ್ಳುವಂತಾಗಿದೆ. ಸಿಪ್ಪೆ ಒಣಗಿಸಲು ಆಳಿನ ಕೂಲಿ ದಂಡ, ಹಸಿಯನ್ನೇ ಹಾಕೋಣ ಎನ್ನುತ್ತಾನೆ ತಮ್ಮ. ಏನು ಮಾಡೋಣ? (ಓದುಗರು, ಪಾಂಡವಪುರ ತಾಲ್ಲೂಕು)

ಉತ್ತರ: ಮೊದಲು 100 ಕೆಜಿ ಕಬ್ಬಿನ ಜಮಾ-ಖರ್ಚು ನೋಡಿ. ಗಾಣದಿಂದ ಸುಮಾರು 60 ಕೆಜಿ ಕಬ್ಬಿನ ಹಾಲು (ರಸ), 40 ಕೆಜಿ ಹಸಿ ಸಿಪ್ಪೆ ಎಂದಿಟ್ಟುಕೊಳ್ಳೋಣ. 11 ಕೆಜಿ ಬೆಲ್ಲ ಇಳಿಯಬೇಕಾದರೆ 49 ಕೆಜಿ ನೀರು ಆವಿಯಾಗಬೇಕು. ಒಂದು ಕೆಜಿ ನೀರನ್ನು ಆವಿ ಮಾಡಲು 2.26 ಮೆಗಾಜೂಲ್ ಶಾಖ. ಹಾಲನ್ನು ಕುದಿಗೆ ತರುವ ಶಾಖವನ್ನೂ ಸೇರಿಸಿದರೆ ಒಟ್ಟು ಖರ್ಚು ಸುಮಾರು 127 ಮೆಗಾಜೂಲ್.

ಈಗ ಜಮಾ. ಹಸಿ ಸಿಪ್ಪೆಯಲ್ಲಿ ಅರ್ಧ ನೀರೇ. ಅದರಿಂದ ಕೆಜಿಗೆ 7.5 ಮೆಗಾಜೂಲ್ ಸಿಕ್ಕರೆ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ್ದರಿಂದ 15. ಒಣಗಿಸಿದರೆ ಶಾಖ ಇಮ್ಮಡಿ ಎಂದು ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ, ಅದು ಪೂರ್ತಿ ಸರಿಯಲ್ಲ. ಒಣಗಿದ ಮೇಲೆ ನಿಮ್ಮ 40 ಕೆಜಿ 23 ಕೆಜಿಗೆ ಇಳಿದಿರುತ್ತದೆ. ಒಂದೇ ರಾಶಿಯನ್ನು ಹಸಿಯಾಗಿ ಸುಟ್ಟರೆ 300, ಒಣಗಿಸಿ ಸುಟ್ಟರೆ 345 ಮೆಗಾಜೂಲ್; ಲಾಭ ಶೇ. 15 ಮಾತ್ರ. ನಿಮ್ಮ ತಮ್ಮನಿಗೆ ಕೂಲಿ ದಂಡ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಲೆಕ್ಕದಲ್ಲಿ ಎಲ್ಲವೂ ಪೂರ್ತಿ ಉರಿಯುತ್ತದೆ ಎಂದುಕೊಂಡಿದ್ದೇವೆ. ಹಸಿ ಸಿಪ್ಪೆ ಪೂರ್ತಿ ಉರಿಯುವುದಿಲ್ಲ. ಅದರ ನೀರು ಆವಿಯಾಗುತ್ತಾ ಒಲೆಯ ಬಿಸಿ ತಗ್ಗಿಸುತ್ತದೆ, ಸಿಪ್ಪೆಯಿಂದ ಹೊರಟ ಅನಿಲ ಹೊತ್ತಿಕೊಳ್ಳದೆ ಹೊಗೆಯಾಗಿ ಚಿಮಣಿಯಿಂದ ಹೊರಟುಹೋಗುತ್ತದೆ. ಕಣ್ಣು ಉರಿಸುವ ಆ ದಟ್ಟ ಹೊಗೆ ನಿಮ್ಮ ಸೌದೆಯ ದುಡ್ಡೇ. ಒಣ ಸಿಪ್ಪೆಯ ಶಾಖದಲ್ಲಿ ಶೇ. 37 ಕೊಪ್ಪರಿಗೆಗೆ ಮುಟ್ಟಿದರೆ ಹೊರಗಿನ ಸೌದೆ ಬೇಡ. ಹಸಿಯಾದರೆ ಶೇ. 42 ಮುಟ್ಟಬೇಕು, ಅದೂ ಅರೆಬರೆ ಉರಿಯುವ ಒಲೆಯಲ್ಲಿ. ಅಲ್ಲೇ ಲೆಕ್ಕ ತಪ್ಪುವುದು.

ಆದ್ದರಿಂದ ಒಣಗಿಸಿ. ತೆಳ್ಳಗೆ ಹರಡಿ ಎರಡು ಮೂರು ದಿನ ಬಿಸಿಲು ಕಾಯಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಒಟ್ಟುಗೂಡಿಸಿ ಮುಚ್ಚಿ. ಒಂದು ಎಳೆ ಹಿಡಿದು ಬಗ್ಗಿಸಿ: ಚಟ್ಟನೆ ಮುರಿದರೆ ಒಣಗಿದೆ, ಬಳುಕಿದರೆ ಇಲ್ಲ. ಒಲೆಗೆ ಒಮ್ಮೆಲೇ ಹೊರೆ ತುರುಕಬೇಡಿ, ಗಾಳಿ ಕಟ್ಟಿ ಕಪ್ಪು ಹೊಗೆ ಬರುತ್ತದೆ. ಸ್ವಲ್ಪ ಸ್ವಲ್ಪವೇ, ಬಿಡುವಿಲ್ಲದೆ ಹಾಕಿ. ಹೊಗೆಯೇ ಕಾಣದೆ ಕುದಿಯೂ ಮಂದವಾಗಿದ್ದರೆ ಗಾಳಿ ಅತಿಯಾಗಿ ಶಾಖವನ್ನು ಹೊತ್ತೊಯ್ಯುತ್ತಿದೆ, ಸಿಪ್ಪೆ ಹಾಕುವ ಬಾಯಿ ಕಿರಿದು ಮಾಡಿ. ಜಾಲರಿಯ ಕೆಳಗಿನ ಬೂದಿ, ಕೊಪ್ಪರಿಗೆ ತಳದ ಮಸಿ ಎರಡನ್ನೂ ಆಗಾಗ ತೆಗೆಯಿರಿ. ಚಿಮಣಿಗೆ ಹೋಗುವ ಬಿಸಿಗಾಳಿಯ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಕೂರಿಸಿ ಹಸಿ ಹಾಲನ್ನು 90 ಡಿಗ್ರಿವರೆಗೆ ಕಾಯಿಸಿಕೊಂಡರೆ ಒಟ್ಟು ಖರ್ಚಿನಲ್ಲಿ ಹತ್ತನೇ ಒಂದು ಭಾಗ ಬಿಟ್ಟಿ ಸಿಕ್ಕಂತೆ. ಗಾಣದ ಉರುಳೆಗಳ ಸಂದಿಯನ್ನೂ ನೋಡಿ. ಸಡಿಲವಾಗಿದ್ದರೆ ಸಿಪ್ಪೆಯಲ್ಲಿ ಉಳಿದ ಸಕ್ಕರೆಯನ್ನೇ ಒಲೆಗೆ ಹಾಕುತ್ತಿದ್ದೀರಿ. ಸೌದೆ ಸಾಲದೆಂದು ಟೈರ್, ಪ್ಲಾಸ್ಟಿಕ್ ಮಾತ್ರ ಖಂಡಿತ ಬೇಡ. ಆ ಹೊಗೆ ಮೊದಲು ಸೇರುವುದು ಒಲೆ ಮುಂದೆ ಕೂತ ಆಳಿನ ಎದೆಗೆ.

ಪ್ರಶ್ನೆ: ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ನೀರು 100 ಅಡಿಗೆ ಬಂದರೆ ಶೇ. 80 ತುಂಬಿದ ಹಾಗೆ ಎನ್ನುತ್ತಾರೆ ಅಪ್ಪ. ಸರಿಯೇ? ಒಳಹರಿವು 20 ಸಾವಿರ ಕ್ಯುಸೆಕ್, ಹೊರಹರಿವು 3 ಸಾವಿರ ಇದ್ದರೆ ಅಲ್ಲಿಂದ ತುಂಬಲು ಎಷ್ಟು ದಿನ? (ವಿದ್ಯಾರ್ಥಿನಿ, ಶ್ರೀರಂಗಪಟ್ಟಣ)

ಉತ್ತರ: ಅಡಿಯ ಲೆಕ್ಕದಲ್ಲಿ ಶೇ. 80 ಸರಿ, ನೀರಿನ ಲೆಕ್ಕದಲ್ಲಿ ಅಲ್ಲ. ಜಲಾಶಯ ನೇರ ಗೋಡೆಯ ತೊಟ್ಟಿಯಂತಿಲ್ಲ, ಮೇಲೆ ಹೋದಷ್ಟೂ ಅಗಲ. ಅಡುಗೆಮನೆಯ ಲಾಳಿಕೆ ತೆಗೆದುಕೊಂಡು ತೂತು ಮುಚ್ಚಿ, ಅದರ ಎತ್ತರದ ಶೇ. 80ರವರೆಗೆ ನೀರು ಹಾಕಿ ಅಳೆದು ನೋಡಿ. 0.8 ಗುಣಿಲೆ 0.8 ಗುಣಿಲೆ 0.8, ಅಂದರೆ ಅರ್ಧದಷ್ಟೇ ಹಿಡಿದಿರುತ್ತದೆ. ಕಟ್ಟೆಯಲ್ಲೂ 100 ಅಡಿಗೆ ಇರುವುದು ಅರ್ಧದ ಆಸುಪಾಸು, ತುಸು ಕಡಿಮೆಯೇ. ಪೂರ್ತಿ ಸಾಮರ್ಥ್ಯ 49.45 ಟಿಎಂಸಿ, ಹಾಗಾಗಿ ಇನ್ನೂ ಸುಮಾರು 26 ಟಿಎಂಸಿ ಬೇಕು.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 11,574 ಬರುತ್ತದೆ. ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ: 11,574 ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ನಿಮ್ಮ ಲೆಕ್ಕದಲ್ಲಿ ನಿಲ್ಲುವುದು 17 ಸಾವಿರ ಕ್ಯುಸೆಕ್, ಅಂದರೆ ದಿನಕ್ಕೆ 1.47 ಟಿಎಂಸಿ. 26 ಟಿಎಂಸಿಗೆ ಸುಮಾರು 18 ದಿನ.

ಅಷ್ಟೇ ನೀರು ಬರುತ್ತಿದ್ದರೂ ಮಟ್ಟ ಏರುವ ವೇಗ ಒಂದೇ ಇರುವುದಿಲ್ಲ. ತುಂಬಿದಾಗ ನೀರಿನ ಹರವು ಸುಮಾರು 129 ಚದರ ಕಿಲೋಮೀಟರ್. ಆಗ ಒಂದು ಅಡಿ ಏರಲು ಸುಮಾರು 1.4 ಟಿಎಂಸಿ ಬೇಕು, ಇಪ್ಪತ್ತಮೂರು ಗಂಟೆ ಹಿಡಿಯುತ್ತದೆ. ಲಾಳಿಕೆಯ ಲೆಕ್ಕದಂತೆ ನೋಡಿದರೆ 100 ಅಡಿಯ ಬಳಿ ಹದಿನೈದು ಗಂಟೆ ಸಾಕು. ಕೊನೆಯ ಅಡಿಗಳು ನಿಧಾನವಾದಾಗ ‘ಒಳಹರಿವು ಕುಸಿಯಿತು’ ಎಂದುಕೊಳ್ಳುವವರು ಎಡವುವುದು ಇಲ್ಲೇ.

18 ದಿನ ಎಂಬುದನ್ನು ಭವಿಷ್ಯವಾಣಿ ಎಂದು ತಿಳಿಯಬೇಡಿ. ಕೊಡಗಿನಲ್ಲಿ ಮಳೆ ಬಿಡುವು ಕೊಟ್ಟರೆ ಕೆಲವೇ ದಿನಗಳಲ್ಲಿ ಒಳಹರಿವು ಅರ್ಧಕ್ಕಿಳಿಯಬಹುದು, ಜೋರಾದರೆ ಮೂರು ಪಟ್ಟಾಗಬಹುದು. ಒಂದು ದಿನದ ಅಂಕಿ ಹಿಡಿಯಬೇಡಿ. ಏಳು ದಿನದ ಸರಾಸರಿ ತೆಗೆದು, ಪ್ರತಿದಿನ ಹೊಸ ಅಂಕಿ ಸೇರಿಸಿ ಹಳೆಯದನ್ನು ಬಿಡುತ್ತಾ ಹೋಗಿ. ಪತ್ರಿಕೆಯಲ್ಲಿ ಅಡಿಯ ಪಕ್ಕ ಟಿಎಂಸಿಯೂ ಅಚ್ಚಾಗಿದ್ದರೆ ಅದನ್ನೇ ಬರೆದಿಟ್ಟುಕೊಳ್ಳಿ, ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು ನಾಲೆಗೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಅಪ್ಪನೊಂದಿಗೆ ವಾದಕ್ಕೆ ಕೂರುವ ಮೊದಲು ಲಾಳಿಕೆಯ ಪ್ರಯೋಗ ಅವರ ಕೈಯಿಂದಲೇ ಮಾಡಿಸಿ.