ಇಂಗ್ಲೆಂಡಿನಲ್ಲಿ ಮಾರ್ಚ್, ಭಾರತದಲ್ಲಿ ಮೇ: ಊರಲ್ಲಿರುವ ಅಮ್ಮನಿಗೆ ಯಾವ 'ಅಮ್ಮಂದಿರ ದಿನ' ಆಚರಿಸಲಿ? ನಿಜವಾದದ್ದು ಯಾವುದು?

2018ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ, ನಾಟಿಂಗ್‌ಹ್ಯಾಮ್‌ನ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ. ಮಾರ್ಚ್ 11ಕ್ಕೆ ಒಂದು, ಮೇ 13ಕ್ಕೆ ಇನ್ನೊಂದು. ಎರಡನ್ನೂ ಮಾಡಿದೆ. ಮಾಡಲೇಬೇಕಿದ್ದ ಮೂರನೆಯದನ್ನು ಬಿಟ್ಟೆ.

ನಿಮಗೂ ಗೊತ್ತಿರುತ್ತದೆ, ಇಲ್ಲಿ ಫೆಬ್ರವರಿ ಮುಗಿಯುವಷ್ಟರಲ್ಲಿ ಅಂಗಡಿ ತುಂಬಾ ಕಾರ್ಡು, ಹೂವು. ನೋಡಿ ನೋಡಿ ಅಮ್ಮನ ನೆನಪು ಉಕ್ಕಿತು. ಆನ್‌ಲೈನಿನಲ್ಲಿ ಹುಡುಕಿ ಅರಸೀಕೆರೆ ಹತ್ತಿರದ ನಮ್ಮ ಮನೆಗೆ ಹೂಗುಚ್ಛ ಕಳಿಸಿದೆ. ಅಮ್ಮ ಫೋನ್ ಮಾಡಿದರು: "ಯಾರೋ ಹುಡುಗ ಹೂವಿನ ಕಟ್ಟು ಕೊಟ್ಟು ಹೋದ ಕಣೆ. ಘಮವೇ ಇಲ್ಲ. ಇವತ್ತೇನು ವಿಶೇಷ?" ವಿವರಿಸಿದೆ. "ಓ, ಅಲ್ಲಿಯೋರ ಹಬ್ಬವಾ" ಅಂದರು.

ಅಲ್ಲಿಯವರ ಹಬ್ಬವೇ ಹೌದು, ಅದೂ ಹಳೆಯದು. ನಾಟಿಂಗ್‌ಹ್ಯಾಮ್ ಹತ್ತಿರದ ನ್ಯೂವಾರ್ಕ್ ಕಡೆಯ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಅದರ ಕಥೆ ಹೇಳಿದ್ದರು. ಇಲ್ಲಿ ಅದಕ್ಕೆ ಮದರಿಂಗ್ ಸಂಡೇ ಅನ್ನುತ್ತಾರೆ. ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ ನಾಲ್ಕನೆಯ ಭಾನುವಾರ. ಈಸ್ಟರ್ ಹುಣ್ಣಿಮೆಯ ಲೆಕ್ಕದ್ದಾದ್ದರಿಂದ ನಮ್ಮ ಹಬ್ಬಗಳ ಹಾಗೆ ಇದೂ ವರ್ಷ ವರ್ಷ ಸರಿಯುತ್ತದೆ. ಮೊದಲು ಜನ ಆ ದಿನ ತಮ್ಮ 'ತಾಯಿ ಚರ್ಚಿಗೆ', ಅಂದರೆ ಆ ಸೀಮೆಯ ಮುಖ್ಯ ಚರ್ಚಿಗೆ, ಹೋಗುತ್ತಿದ್ದರಂತೆ. ಆಮೇಲೆ ದೊಡ್ಡ ಮನೆಗಳಲ್ಲಿ ಕೆಲಸಕ್ಕಿದ್ದ ಹುಡುಗಿಯರಿಗೆ, ಕಸುಬು ಕಲಿಯಲು ಬಿಟ್ಟಿದ್ದ ಹುಡುಗರಿಗೆ ಆ ಒಂದು ದಿನ ರಜೆ ಕೊಟ್ಟು ಮನೆಗೆ ಕಳಿಸುವ ರೂಢಿ ಬಂತು. ಮಕ್ಕಳು ದಾರಿಬದಿಯ ನೇರಳೆ ಬಣ್ಣದ ವಯೊಲೆಟ್ ಹೂ ಕಿತ್ತುಕೊಂಡು ನಡೆಯುತ್ತಾ ಅಮ್ಮನ ಹತ್ತಿರ ಹೋಗುತ್ತಿದ್ದರು. ಸಿಮ್ನೆಲ್ ಎಂಬ ಕೇಕು ಆ ದಿನದ್ದು. ಮೇಲೆ ಬಾದಾಮಿ ಹಿಟ್ಟಿನ 11 ಉಂಡೆ ಇಡುತ್ತಾರೆ, ಯೇಸುವಿನ ಶಿಷ್ಯರಲ್ಲಿ ಜೂದಾಸನೊಬ್ಬನನ್ನು ಬಿಟ್ಟು ಉಳಿದವರ ಲೆಕ್ಕಕ್ಕೆ.

ಇದೂ ಮರೆತುಹೋಗುತ್ತಿತ್ತು. ಉಳಿಸಿದ್ದು ಕಾನ್‌ಸ್ಟನ್ಸ್ ಪೆನ್ಸ್‌ವಿಕ್ ಸ್ಮಿತ್ ಎಂಬ ಹೆಣ್ಣುಮಗಳು, ನ್ಯೂವಾರ್ಕ್ ಪಕ್ಕದ ಕಾಡಿಂಗ್ಟನ್ ಊರಿನ ಪಾದ್ರಿಯ ಮಗಳು. ಅಮೆರಿಕದ ಅಮ್ಮಂದಿರ ದಿನವನ್ನು ಇಂಗ್ಲೆಂಡಿಗೂ ತರುತ್ತಾರೆಂಬ ಸುದ್ದಿಯನ್ನು 1913ರಲ್ಲಿ ಓದಿ, ನಮ್ಮದೇ ಒಂದು ದಿನ ಇರುವಾಗ ಅದೇಕೆ ಅಂತ ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಇಟ್ಟರು. ನಾವು ಭಾರತದಲ್ಲಿ ಮೇ ತಿಂಗಳ ಎರಡನೇ ಭಾನುವಾರ ಮಾಡುತ್ತೇವಲ್ಲ, ಅದು ಆ ಅಮೆರಿಕದ್ದು. ಆನ್ನಾ ಜಾರ್ವಿಸ್ ಎಂಬಾಕೆ ತನ್ನ ತಾಯಿ ತೀರಿಕೊಂಡ ಮೂರು ವರ್ಷಕ್ಕೆ, 1908ರ ಮೇ 10ರಂದು, ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಚರ್ಚಿಗೆ 500 ಬಿಳಿ ಕಾರ್ನೇಷನ್ ಹೂ ಕಳಿಸಿ ಶುರು ಮಾಡಿದ್ದು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ದೇಶಕ್ಕೆಲ್ಲ ಘೋಷಿಸಿದರು. ಆಮೇಲೆ ಹೂವಿನವರು, ಕಾರ್ಡಿನವರು ಅದನ್ನು ವ್ಯಾಪಾರ ಮಾಡಿಕೊಂಡದ್ದು ನೋಡಿ ಆಕೆ ಅದರ ವಿರುದ್ಧವೇ ವರ್ಷಗಟ್ಟಲೆ ಹೋರಾಡಿದರು. ಕಾನ್‌ಸ್ಟನ್ಸ್, ಆನ್ನಾ ಇಬ್ಬರೂ ಮದುವೆಯಾಗಲಿಲ್ಲ, ಇಬ್ಬರಿಗೂ ಮಕ್ಕಳಿರಲಿಲ್ಲ. ಅಮ್ಮಂದಿರ ಈ ಎರಡೂ ದಿನಗಳಿಗಾಗಿ ದುಡಿದದ್ದು ತಾಯಿಯಾಗದ ಹೆಣ್ಣುಮಕ್ಕಳು ಎಂಬುದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಈಗ ಮೇ ತಿಂಗಳಿಗೆ ಬರುತ್ತೇನೆ. ಮಾರ್ಚಿನ ಹೂವು ನಾಟದೇ ಹೋಯಿತಲ್ಲ, ಈ ಸಲ ಎದುರಿಗೇ ನಿಲ್ಲುತ್ತೇನೆ ಅಂತ ಊರಿಗೆ ಹೋದೆ. ವರ್ಷಕ್ಕೆ 25 ದಿನ ರಜೆ, ಅದರಲ್ಲಿ 12 ಅಲ್ಲೇ ಹೋಯಿತು. ಶನಿವಾರ ವಿಧಾನಸಭಾ ಚುನಾವಣೆಯ ಮತದಾನ. ಭಾನುವಾರ ಅಪ್ಪ-ಅಮ್ಮನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಕೇಕ್ ಕತ್ತರಿಸಿದೆವು. ಆ ಫೋಟೊ ಈಗಲೂ ಇದೆ. ಚಾಕು ಹಿಡಿದ ಅಮ್ಮನ ಕೈ, ಎಡ ತೋರುಬೆರಳಿನಲ್ಲಿ ಉಗುರಿನಿಂದ ಗೆಣ್ಣಿನವರೆಗೆ ಹಿಂದಿನ ದಿನದ ಮತದ ಶಾಯಿ. ಹಿಂದೆ ಅಪ್ಪ, ಕೇಕಿನ ಕಡೆ ನೋಡದೆ ಅಮ್ಮನ ಕಡೆ ನೋಡುತ್ತಿದ್ದಾರೆ. ಅಮ್ಮ ಖುಷಿಯಾಗಿದ್ದರು, ಅದರಲ್ಲಿ ಸುಳ್ಳಿಲ್ಲ.

ತಪ್ಪಾದದ್ದು ಆಗಸ್ಟಿನಲ್ಲಿ. ಅದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ.

ಮದುವೆಯಾದ ಮೇಲೆ ಒಂದು ವರ್ಷವೂ ನಾನು ಗೌರಿಹಬ್ಬಕ್ಕೆ ತವರು ತಪ್ಪಿಸಿರಲಿಲ್ಲ, ಇಂಗ್ಲೆಂಡಿಗೆ ಬಂದ ಮೇಲೂ. ಮೊದಲ ಬಾಗಿನ ಅಮ್ಮನಿಗೇ. ದೂರದಿಂದ ಬರುವ ನಾನು ಮೊರ ಎಲ್ಲಿಂದ ತರಲಿ? ಅಮ್ಮನೇ ಸಂತೆಯಲ್ಲಿ ಜೋಡಿ ಮೊರ ಕೊಂಡು, ಅರಿಶಿನ ಬಳಿದು ಒಣಗಿಸಿ ಇಟ್ಟಿರುತ್ತಿದ್ದರು. ಅಕ್ಕಿ, ಬೇಳೆ, ರವೆ, ಬೆಲ್ಲದಚ್ಚು, ನಮ್ಮ ತೋಟದ ಕಾಯಿ, ರವಿಕೆ ಕಣ, ಬಳೆ-ಬಿಚ್ಚೋಲೆ ಎಲ್ಲ ನಾನು ತುಂಬುತ್ತಿದ್ದೆ. ಕೈಗೆ ಹದಿನಾರು ಗಂಟಿನ ದಾರ ಕಟ್ಟಿಕೊಂಡು, ಸೆರಗು ಮುಚ್ಚಿ, ಮೊರದ ಎರಡು ತುದಿ ಇಬ್ಬರೂ ಹಿಡಿಯುತ್ತಿದ್ದೆವು. ಆಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಮಾಡಾಳು ಗೌರಮ್ಮನ ದರ್ಶನ. ಆ ವರ್ಷ ಹಬ್ಬ ಸೆಪ್ಟೆಂಬರ್ 12ಕ್ಕಿತ್ತು. ರಜೆ ಎಣಿಸಿದೆ. 13 ಉಳಿದಿತ್ತು. ಅಂದರೆ ರಜೆ ಇತ್ತು! ಡಿಸೆಂಬರಿಗೆ ಇರಲಿ ಅಂತ ಎತ್ತಿಟ್ಟುಕೊಂಡೆ. ದುಡ್ಡೂ ಇತ್ತು. ಇಲ್ಲದೆ ಹೋಗದೇ ಇದ್ದಿದ್ದರೆ ಅದು ಬೇರೆ ಮಾತು. ಅಮ್ಮನಿಗೆ ಫೋನಿನಲ್ಲಿ ಹೀಗೆಂದೆ: "ಮೇನಲ್ಲಿ ಬಂದಿದ್ದೆನಲ್ಲಮ್ಮ, ಅದನ್ನೇ ಗೌರಿಹಬ್ಬ ಅಂದ್ಕೋ."

ಒಂದು ದಿನದ ಬದಲು ಇನ್ನೊಂದು ದಿನ ಅನ್ನುವ ಹಾಗೆ ಮಾತಾಡಿದೆ. ಅಮ್ಮ ಕೇಕನ್ನು ಒಪ್ಪಿಕೊಂಡದ್ದು ನನ್ನ ಸಂತೋಷಕ್ಕೆ. ಗೌರಿಹಬ್ಬ ಅವರು ವರ್ಷವಿಡೀ ಎಣಿಸುವ ದಿನ. ಗೌರಿ ತವರಿಗೆ ಬರುತ್ತಾಳೆ, ಮರುದಿನ ಗಣಪ ಕರೆಯಲು ಬರುತ್ತಾನೆ, ನಡುವಿನ ಒಂದು ರಾತ್ರಿ ಮಗಳು ಮನೆಯಲ್ಲಿ ಮಲಗುತ್ತಾಳೆ. ನೇರಳೆ ಹೂ ಕಿತ್ತುಕೊಂಡು ನಡೆದುಹೋಗುತ್ತಿದ್ದ ಆ ಕೆಲಸದ ಹುಡುಗಿಯರ ಕಥೆ ಕೇಳಿ ಮಾರ್ಚಿನಲ್ಲಿ ನಾನು ಕಣ್ಣೊರೆಸಿಕೊಂಡಿದ್ದೆ. ಅದು ನಮ್ಮ ಗೌರಿಹಬ್ಬವೇ ಅಂತ ನನಗೆ ಹೊಳೆಯಲೇ ಇಲ್ಲ. ಅಮ್ಮ ಅಂದದ್ದು "ಹೂಂ, ಅದಕ್ಕೇನಂತೆ" ಅಷ್ಟೇ.

ಜನವರಿಯಲ್ಲಿ ಅಪ್ಪ ಹೋದರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಲು ಹತ್ತಿದೆ. ಅಲ್ಲಿ ಹಳೆಯ ಪಂಚೆಯಲ್ಲಿ ಕಟ್ಟಿಟ್ಟ ಗಂಟೊಂದಿತ್ತು. ಬಿಚ್ಚಿದರೆ ಜೋಡಿ ಮೊರ, ಅರಿಶಿನ ಬಳಿದದ್ದು. ಒಳಗೆ ಕಾಗದದಲ್ಲಿ ಸುತ್ತಿದ ಒಂದು ಡಜನ್ ಹಸಿರು ಬಳೆ. ನಾನು ಫೋನ್ ಮಾಡುವ ಹೊತ್ತಿಗೆ ಅಮ್ಮ ಸಂತೆಗೆ ಹೋಗಿಬಂದಾಗಿತ್ತು, ಹೇಳಿರಲಿಲ್ಲ. ನಮ್ಮ ಕಡೆ ಗಂಡ ತೀರಿಕೊಂಡವರಿಗೆ ಬಾಗಿನ ಕೊಡುವುದಿಲ್ಲ. ಆ ಸೆಪ್ಟೆಂಬರ್ 12 ಅಮ್ಮ ಮುತ್ತೈದೆಯಾಗಿ ಬಾಗಿನ ತೆಗೆದುಕೊಳ್ಳಬಹುದಾಗಿದ್ದ ಕೊನೆಯ ಗೌರಿಹಬ್ಬ. ನಾನು ಆ ದಿನ ನಾಟಿಂಗ್‌ಹ್ಯಾಮ್‌ನಲ್ಲಿ ಆಫೀಸಿಗೆ ಹೋಗಿದ್ದೆ. ಯಾವ ಕೆಲಸ ಮಾಡಿದೆ ಎಂಬುದೂ ನೆನಪಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಾರ್ಚಾ, ಮೇನಾ ಅಂತ ಕೇಳಿದ್ದೀರಿ. ನಿಜವಾದದ್ದು ಅಂತ ಒಂದು ಇದ್ದರೆ ತಾನೇ? ಈಜಿಪ್ಟಿನವರು 1956ರಲ್ಲಿ ಮಾರ್ಚ್ 21 ಆರಿಸಿಕೊಂಡರು, ವಸಂತದ ಮೊದಲ ದಿನ ಅಂತ. ಥಾಯ್ಲೆಂಡಿನವರು ರಾಣಿ ಸಿರಿಕಿತ್ ಹುಟ್ಟಿದ ಆಗಸ್ಟ್ 12ರಂದು ಅಮ್ಮನಿಗೆ ಮಲ್ಲಿಗೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಮೆಕ್ಸಿಕೊದಲ್ಲಿ ಯಾವ ವಾರವೇ ಬರಲಿ, ಮೇ 10. ನಿಮ್ಮ ಅಮ್ಮ ಯಾವ ದಿನ ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡುತ್ತಿರುತ್ತಾರೆ? ಅದನ್ನು ಕಂಡುಕೊಳ್ಳಿ. ನಿಮ್ಮದು ಮಂಗಳೂರಿನ ಕ್ರೈಸ್ತ ಮನೆಯಾದರೆ ಅದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಹೊಸ ಅಕ್ಕಿಯ ಊಟದ ದಿನ, ಆಗಿರಬಹುದು. ಬೇರೆಯವರಿಗೆ ಊರ ಜಾತ್ರೆ ಇರಬಹುದು. ರಜೆಯನ್ನು ಅದಕ್ಕೇ ಇಟ್ಟುಕೊಳ್ಳಿ. ಮಾರ್ಚಿನಲ್ಲೋ ಮೇನಲ್ಲೋ ಒಂದು ಫೋನ್ ಸಾಕು. ಅಮ್ಮನನ್ನೇ ಕೇಳಿದರೆ "ನಿನಗೆ ಯಾವಾಗ ಆಗುತ್ತೋ ಆಗ ಬಾ" ಅನ್ನುತ್ತಾರೆ, ಅದನ್ನು ನಂಬಬೇಡಿ. ಅಪ್ಪನನ್ನು ಕೇಳಿ, ಅತ್ತಿಗೆಯನ್ನು ಕೇಳಿ.

ಒಂದು ಮಾತು ಮಾತ್ರ ಮೇ ಭಾನುವಾರದ ಪರವಾಗಿ ಹೇಳಲೇಬೇಕು. ಅಮ್ಮನ ಹಣೆಯಲ್ಲಿ ಕುಂಕುಮ ಇದೆಯೇ ಅಂತ ಆ ದಿನ ಯಾರೂ ನೋಡುವುದಿಲ್ಲ. ನಮ್ಮ ಹಬ್ಬ ನೋಡುತ್ತದೆ, ಅದು ತಪ್ಪು. ಹೆತ್ತವಳು ಗಂಡ ಹೋದ ಕೂಡಲೇ ತಾಯಿಯಲ್ಲದೆ ಹೋಗುತ್ತಾಳೆಯೇ?

2019ರಲ್ಲಿ ಸೂತಕದ ವರ್ಷ, ಆಮೇಲೆ ಎರಡು ವರ್ಷ ಕೋವಿಡ್. 2022ರ ಆಗಸ್ಟ್ 30ಕ್ಕೆ, ಗೌರಿಹಬ್ಬಕ್ಕೆ, ಮನೆಗೆ ಹೋದೆ. ಅಟ್ಟದಲ್ಲಿದ್ದ ಅದೇ ಮೊರಗಳನ್ನು ಇಳಿಸಿ ಒರೆಸಿದೆ. ಒಂದರ ಅಂಚು ಬಿಚ್ಚಿಕೊಂಡಿತ್ತು, ದಾರದಲ್ಲಿ ಹೊಲಿದೆ. ಎಲ್ಲ ತುಂಬಿ ಅಮ್ಮನ ಮುಂದೆ ನಿಂತೆ. ಚಿಕ್ಕಮ್ಮ "ಬೇಡ ಕಣೆ, ಮೊದಲು ಅತ್ತಿಗೆಗೆ ಕೊಡು" ಅಂದರು. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದು ಸೆರಗಿನ ತುದಿ ಹಿಡಿದುಕೊಂಡು ಕೈ ಚಾಚಿದರು. ನಾಲ್ಕು ವರ್ಷ ಹಳೆಯ ಹಸಿರು ಬಳೆಗಳನ್ನು ಮಾತ್ರ ತೆಗೆದು ಪಕ್ಕದ ಮನೆಯ ಹುಡುಗಿಗೆ ತೊಡಿಸಿದರು. ಮೊರ ಇಟ್ಟುಕೊಂಡರು. ಈಗ ವಿಡಿಯೊ ಕರೆ ಮಾಡಿದಾಗ ಎಷ್ಟೋ ಸಲ ಅದರಲ್ಲೇ ಅಕ್ಕಿ ಕೇರುತ್ತಾ ಮಾತಾಡುತ್ತಾರೆ. ಅಂಚಿನಲ್ಲಿ ನಾನು ಹಾಕಿದ ಹೊಲಿಗೆ ಕಾಣುತ್ತದೆ.