ಮಾತ್ರೆ ನಿಲ್ಲಿಸಿದ ಮೇಲೂ ಉಳಿದ ತೊಂದರೆ ಭ್ರಮೆಯಲ್ಲ

ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆ ನಿಲ್ಲಿಸಿ ತಿಂಗಳುಗಳಾದರೂ ಕಾಮಾಸಕ್ತಿ ಮರಳಿಲ್ಲ, ಜನನಾಂಗದ ಸ್ಪರ್ಶವೂ ಮಂಕಾಗಿದೆ, ವೈದ್ಯರು ‘ಎಲ್ಲ ಮನಸ್ಸಿನದು’ ಎಂದರು ಎಂದು ಬರೆದಿದ್ದೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ಗುಂಪಿನ ಮಾತ್ರೆ ಬಿಟ್ಟ ನಂತರವೂ ಲೈಂಗಿಕ ತೊಂದರೆ ಮುಂದುವರಿಯಬಹುದೆಂಬ ಎಚ್ಚರಿಕೆಯನ್ನು ಮಾಹಿತಿಪತ್ರದಲ್ಲಿ ಸೇರಿಸಲು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಸೂಚಿಸಿದೆ.

ಕಾರಣ ಇನ್ನೂ ಖಚಿತವಾಗಿಲ್ಲ. ಮಿದುಳಿನ ರಾಸಾಯನಿಕವಾದ ಸೆರೊಟೋನಿನ್‌ನ ಗ್ರಾಹಕಗಳಲ್ಲಿ ಬದಲಾವಣೆ, ಇನ್ನೊಂದು ರಾಸಾಯನಿಕ ಡೋಪಮೈನ್‌ನ ಚಟುವಟಿಕೆ ಕುಗ್ಗುವುದು, ನರಗಳ ಸಂವೇದನೆ ಇಳಿಯುವುದು, ಇವೆಲ್ಲ ಸದ್ಯಕ್ಕೆ ಊಹೆಗಳು. ಖಿನ್ನತೆಯೂ ಆಸಕ್ತಿಯನ್ನು ಕಸಿಯುತ್ತದೆ, ನಿಜ. ಆದರೆ ಸ್ಪರ್ಶವೇ ಮರಗಟ್ಟುವುದನ್ನು ಅದೊಂದರಿಂದಲೇ ವಿವರಿಸುವುದು ಕಷ್ಟ. ಈ ಲಕ್ಷಣವನ್ನು ಸಂಕೋಚವಿಲ್ಲದೆ ಬಿಡಿಸಿ ಹೇಳಿ. ಮತ್ತೆ ತಳ್ಳಿಹಾಕಿದರೆ ಬೇರೆ ಮನೋವೈದ್ಯರನ್ನು ಕಾಣಿ.

ಮೊದಲು ರಕ್ತದ ಸಕ್ಕರೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನು, ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿ. ಇವುಗಳಲ್ಲಿ ಏರುಪೇರಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಮಾತ್ರೆಯಿಂದಲೇ ಉಳಿದ ತೊಂದರೆಗೆ ಸಾಬೀತಾದ ಮದ್ದು ಇನ್ನೂ ಇಲ್ಲ. ಕೆಲವರಿಗೆ ಕಾಲಕ್ರಮೇಣ ಸುಧಾರಿಸಿದೆ. ಸಿಲ್ಡೆನಾಫಿಲ್ (ವಯಾಗ್ರ) ನಿಮಿರುವಿಕೆಗೆ ನೆರವಾಗಬಹುದು, ಆಸಕ್ತಿಯನ್ನು ಹುಟ್ಟಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು. ಬ್ಯುಪ್ರೊಪಿಯಾನ್ ಎಂಬ ಬೇರೆ ಬಗೆಯ ಖಿನ್ನತೆಯ ಮಾತ್ರೆಯನ್ನು ಕೆಲವು ವೈದ್ಯರು ಪ್ರಯತ್ನಿಸುತ್ತಾರೆ, ಫಲ ಒಬ್ಬೊಬ್ಬರಿಗೆ ಒಂದೊಂದು ರೀತಿ. ಗೋಡೆಬರಹದ ‘ಗುಪ್ತರೋಗ ತಜ್ಞ’ರಿಗೆ ದಯವಿಟ್ಟು ಹಣ ಸುರಿಯಬೇಡಿ. ಬದುಕೇ ಬೇಡ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.